ಹೊಟ್ಟೆಕಿಚ್ಚಿನ ಕ್ಯಾಲರಿ

೩ ಮಾರ್ಚ್, ಸೋಮವಾರ

ಈ ಡೈರಿ ಗೊಬ್ಬರದ ಕಂಪನಿಯವರು ಪುಕ್ಕಟೆ ಕೊಟ್ಟದ್ದು. ಎರಡು ತಿಂಗಳಿಂದ ನನ್ನ ಅಂಗಡ್ಯಾಗ ಧೂಳು ತಿನ್ನಾಕತ್ತಿತ್ತು. ದವಾಖಾನಿ ಡಾಕ್ಟರು "ಜಂಬಣ್ಣಾರ, ತಿಂದದ್ದನ್ನೆಲ್ಲಾ ಬರದಿಡ್ರಿ" ಅಂದಾರ, ಅದಕ್ಕ ಹೊರಗ ತಗದೀನಿ. ತಿಂದದ್ದಷ್ಟೇ ಬರದ್ರ ಹಾಳಿ ತುಂಬಂಗಿಲ್ಲ. ನುಂಗಲಾರದ್ದನ್ನೂ ಬರೀತೀನಿ.

ನುಂಗಲಾರದ್ದು ನಿನ್ನೆ ಸಿಂಧನೂರಾಗ ಆತು. ತಂಗಿ ಉಮಾದೇವಿ ಮಗಳು ವಿಜಯಶ್ರೀ ಮದುವಿ ಮಾತುಕತಿ. ಬಸವ ಜಯಂತಿ ದಿನ ಅಕ್ಕಿಕಾಳು ಅಂತ ನಕ್ಕಿ ಆತು. ನಮ್ಮ ಮನೆತನದಾಗ ಮದುಮಗಳು ಹಂದರಕ್ಕ ನಡಕೊಂಡು ಬರಂಗಿಲ್ಲ. ಸೋದರಮಾವ ಎತ್ತಿಕೊಂಡು ಬರಬೇಕು, ಹೊಸ್ತಿಲಿಂದ ಹಂದರದ ಕಟ್ಟಿ ತನಕ, ನಡುವ ಇಳಿಸಂಗಿಲ್ಲ. ಸೋದರಮಾವ ಅಂದ್ರ ಯಾರು? ಹಿರಿಯಾವ ನಾನು. ಮಸ್ಕಿ ಸೀಮ್ಯಾಗ ಕ್ವಿಂಟಲ್ ಜೋಳದ ಚೀಲ ಹಲ್ಲಿಲೆ ಎತ್ತಿದವ. (ಹೆಗಲಿಲೆ. ಇದನ್ನ ಯಾರೂ ಓದಂಗಿಲ್ಲ, ಅದಕ್ಕ ಖರೆ ಬರದೀನಿ.)

ಹುಡುಗಿ ಮೂರು ವರ್ಷ ನಮ್ಮ ಮನ್ಯಾಗ ಇದ್ದು ಮಸ್ಕ್ಯಾಗ ಓದಿದಾಕಿ. ಎತ್ತೋದು ನಾನೇ ಅಂತ ಹತ್ತು ವರ್ಷದಿಂದ ಊರಿಗೆಲ್ಲಾ ಹೇಳ್ಕೊಂಡು ಬಂದೀನಿ.

ಉಮಾ ಚಾ ಕೊಟ್ಟು, ಸೆರಗು ಸರಿ ಮಾಡ್ಕೊಂಡು, ಮೆಲ್ಲಕ ಅಂದ್ಲು: "ಅಣ್ಣಾ, ಬ್ಯಾಸರ ಮಾಡ್ಕೋಬ್ಯಾಡ. ಎತ್ತೋದು ಬಸವಲಿಂಗ ಎತ್ತಲಿ. ನೀ ನಮ್ಮ ಮನಿ ನಾಕು ಮೆಟ್ಟಲು ಏರಿ ಬಂದಿ, ಚಾ ಕುದ್ದು ಇಳಿಸಿದ್ರೂ ನಿನ್ನ ಉಸಿರು ಇಳಿವಲ್ದು."

ಬಸವಲಿಂಗ ನನ್ನ ತಮ್ಮ. ಲಿಂಗಸುಗೂರಾಗ ಪಿ.ಟಿ. ಮಾಸ್ತರ. ಹೊಟ್ಟಿ ಅಂಬೋದು ರೊಟ್ಟಿ ಬಡಿಯೋ ಕಲ್ಲಿನಂಗ ಸಪಾಟು. ಅವನ ಮಣಿಕಟ್ಟಿನ್ಯಾಗ ಒಂದು ಕರೇ ಗಡಿಯಾರ. ಎದಿ ಬಡಿತ ಎಣಿಸ್ತದಂತ, ಎಷ್ಟು ಕ್ಯಾಲರಿ ಸುಟ್ಟಿತು ಅಂತ ಹೇಳ್ತದಂತ. ಬೀಗರೆಲ್ಲಾ ಅವನ ಕೈ ಹಿಡ್ಕೊಂಡು ಜ್ಯೋತಿಷಿ ಕೈ ನೋಡಿದಂಗ ನೋಡಾಕತ್ತಿದ್ರು. ನನ್ನ ಕೈ ಯಾರೂ ಹಿಡೀಲಿಲ್ಲ.

"ಹಂಗೆಂಗ ಆಕ್ಕೈತಿ?" ಅಂತ ನಾ ಎದ್ದು ನಿಂತೆ. ಕಡೀಕ ಉಮಾ ಒಂದು ಶರ್ತು ಹಾಕಿದ್ಲು. ಮದುವಿ ಎರಡು ದಿನ ಐತಿ ಅನ್ನಂಗ ಭತ್ತದ ಚೀಲ ಎತ್ಕೊಂಡು ಗೇಟಿನಿಂದ ಅಡಗಿಮನಿ ತನಕ ಯಾರು ಬರ್ತಾರೋ ಅವರೇ ಎತ್ತೋದು. ಚೀಲ ಬರೋಬ್ಬರಿ ಮದುಮಗಳ ತೂಕ.

"ಅವ್ವಾ, ನನ್ನ ತೂಕ ಊರಿಗೆಲ್ಲಾ ಡಂಗುರ ಹೊಡಸ್ತೀಯೇನ?" ಅಂತ ವಿಜಯಶ್ರೀ ಒಳಗಿಂದ ಒದರಿದ್ಲು.

ತಿಂದದ್ದು: ಶಿರಾ ಎರಡು ಸಲ, ಬದನಿಕಾಯಿ ಎಣಗಾಯಿ, ರೊಟ್ಟಿ ಲೆಕ್ಕ ಇಟ್ಟಿಲ್ಲ.

೬ ಮಾರ್ಚ್, ಗುರುವಾರ

ಬಸ್‌ಸ್ಟ್ಯಾಂಡ್ ಹತ್ರ ಅಮ್ಜದ್‌ನ ಮೊಬೈಲ್ ಅಂಗಡಿಗೆ ಹೋಗಿ ಗಡಿಯಾರ ತಗೊಂಡೆ. ತಮ್ಮಂದಕ್ಕಿಂತ ದೊಡ್ಡದು. ದೊಡ್ಡದೇ ಬೇಕು ಅಂತ ಮೊದಲೇ ಹೇಳಿದ್ದೆ. ಕೆಳಗ ಹಸಿರು ದೀಪ ಮಿಣುಕ್ತೈತಿ, ತೊಗಲಿನ ಒಳಗ ರಕ್ತ ಹರಿಯೋದು ನೋಡ್ತದಂತ.

ಅಮ್ಜದ್ ಕೇಳಿದ: "ಚಾಚಾ, ವಯಸ್ಸು ಹೇಳ್ರಿ, ತುಂಬ್ತೀನಿ."

"ನಲವತ್ತೆರಡು."

ಅವ ನನ್ನ ಮಾರಿ ನೋಡಿದ. "ತೂಕ?"

"ಎಪ್ಪತ್ತು."

"ಚಾಚಾ, ನಿಮ್ಮ ಹೊಟ್ಟಿ ಗಾಜಿನ ಪೆಟಿಗಿಗೆ ಹತ್ತೈತಿ, ಹಿಂದಕ್ಕ ಸರೀರಿ ಅಂದ್ರ ಸರಿಯಾಕ ಜಾಗ ಇಲ್ಲ. ಎಪ್ಪತ್ತಾ?"

"ತುಂಬೋ ಲೇ. ಗಡಿಯಾರಕ್ಕೇನು ಆಧಾರ್ ಕಾರ್ಡ್ ತೋರಸಬೇಕೇನು?"

"ನೀವು ಅದಕ್ಕ ಸುಳ್ಳು ಹೇಳಿದ್ರ ಅದೂ ನಿಮಗ ಸುಳ್ಳೇ ಹೇಳ್ತದ," ಅಂದ. ಯಾಪಾರಸ್ಥನ ಬಾಯಾಗ ಇಂಥ ಮಾತು ಇರಬಾರದು.

೯ ಮಾರ್ಚ್, ಆದಿತವಾರ

ಮಲ್ಲಯ್ಯನ ಗುಡ್ಡ ಏರಿದೆ. ಪೂರ್ತಿ ಏರಿದೆ ಅಂತ ಹೆಂಡತಿ ಅಮರಮ್ಮಗ ಹೇಳೀನಿ. ಖರೆ ಅಂದ್ರ ಮೊದಲನೇ ತಿರುವಿನ್ಯಾಗ ಕುಂತು, ಇಳಿಯೋರನ್ನ "ಗರ್ದಿ ಐತೇನ್ರಿ ಮ್ಯಾಲೆ?" ಅಂತ ವಿಚಾರಿಸಿ ವಾಪಸ್ ಬಂದೆ. ಆದ್ರೂ ಗಡಿಯಾರ ಮುನ್ನೂರು ಕ್ಯಾಲರಿ ಸುಟ್ಟೀಯಪ್ಪಾ ಅಂತು. ಎದಿ ಅಷ್ಟು ಹೊಡ್ಕೋತಿತ್ತು.

ಕೆಳಗ ಬಂದು ಮಂಡಾಳ ಒಗ್ಗರಣಿ, ಎರಡು ಮಿರ್ಚಿ. ಫೋನಿನ್ಯಾಗ ನೋಡಿದ್ರ ಅದು ಮುನ್ನೂರಕ್ಕ ಒಂದಿಷ್ಟು ಕಡಿಮಿ. ಸುಟ್ಟದ್ದು ಜಾಸ್ತಿ, ತಿಂದದ್ದು ಕಮ್ಮಿ. ಲಾಭ.

ಇಷ್ಟು ಸಲೀಸು ಐತಿ ಅಂತ ಗೊತ್ತಿದ್ರ ಬಸವಲಿಂಗನಂಗ ಸೂರ್ಯ ಹುಟ್ಟೋಕಿಂತ ಮೊದಲು ಎದ್ದು ಓಡೋ ಹುಚ್ಚರು ಯಾರು ಇರ್ತಿದ್ರು?

೧೬ ಮಾರ್ಚ್, ಆದಿತವಾರ

ಇವತ್ತು ಒಂದು ಚಮತ್ಕಾರ ಆತು.

ಬಸವಲಿಂಗ ಮನಿಗೆ ಬಂದಿದ್ದ. ಬಾಗಿಲಾಗೇ ಅಮರಮ್ಮ ಶುರು ಮಾಡಿದ್ಲು: "ಮೈದುನಾ, ಏಸು ತೆಳ್ಳಗಾಗೀಯಪ್ಪಾ! ನಿಮ್ಮಣ್ಣಗೂ ಜರಾ ಹೇಳು." ಆಮ್ಯಾಲೆ ಉಮಾ ಫೋನು. ಸ್ಪೀಕರ್ ಹಾಕಿದ್ವಿ. "ಬಸೂ, ನೀ ಆವತ್ತು ನೀರಿನ ಡ್ರಮ್ ಒಬ್ಬನೇ ಎತ್ತಿಟ್ಟಿ ನೋಡು, ಬೀಗರು ಇನ್ನಾ ಅದನ್ನೇ ಮಾತಾಡಾಕತ್ತಾರ."

ನಾ ಖುರ್ಚ್ಯಾಗ ಕುಂತಿದ್ದೆ. ಕೈ ಆಡಿಸಿಲ್ಲ, ಕಾಲು ಆಡಿಸಿಲ್ಲ. ಗಡಿಯಾರ ಗುರ್‌ರ್ ಅಂತು. ನೋಡಿದ್ರ ಎದಿ ಬಡಿತ ನೂರಾ ಇಪ್ಪತ್ತೆರಡು! ನೀ ವ್ಯಾಯಾಮ ಮಾಡಾಕತ್ತೀಯಲ್ಲ, ಲೆಕ್ಕ ಹಿಡೀಲೇನು ಅಂತ ಕೇಳಾಕತ್ತಿತ್ತು. ಹಿಡಿ ಅಂತ ಒತ್ತಿದೆ. ಅವ ಚಾ ಕುಡದು ಹೋಗೋತನಕ ನಾ ಕುಂತಲ್ಲೇ ಇನ್ನೂರು ಸುಟ್ಟಿದ್ದೆ.

ಇಂಥ ಶರೀರ ಎಲ್ಲರಿಗೂ ಇರಂಗಿಲ್ಲ. ಕೆಲವರು ಓಡಿ ಸುಡ್ತಾರ, ನಾನು ಕುಂತು ಸುಡ್ತೀನಿ.

೨೦ ಮಾರ್ಚ್, ಗುರುವಾರ

ಪ್ರಯೋಗ ಮಾಡಿದೆ. ಅಂಗಡ್ಯಾಗ ಗಿರಾಕಿ ಇರಲಿಲ್ಲ. ಉಮಾಗ ಫೋನ್ ಹಚ್ಚಿ, "ಬಸವಲಿಂಗ ಬಂದಿದ್ನೇನವಾ?" ಅಂತ ನಾನೇ ಕೆದಕಿದೆ. ಅವಳಿಗೆ ಅಷ್ಟೇ ಸಾಕು. ಬಸೂ ಹಂದರದವನ ಜೋಡಿ ಮಾತಾಡಿದ, ಬಸೂ ವಿಜಯಶ್ರೀಗ ಶೂ ಕೊಡಿಸಿದ, ದಿನಾ ಬೆಳಿಗ್ಗೆ ಅವಳನ್ನ ಫೋನಿನ್ಯಾಗೇ ಎಬ್ಬಿಸಿ ವಾಕಿಂಗ್ ಕಳಸ್ತಾನ. ನಾ ಬರೇ "ಹೂಂ, ಹೂಂ" ಅನಕೋತ ಗಡಿಯಾರ ನೋಡಾಕತ್ತಿದ್ದೆ. ತೊಂಬತ್ತು, ನೂರು, ನೂರಾ ಹದಿನೈದು.

ಶೂ ಅಂದಾಗ ಎಲ್ಲಾಕ್ಕಿಂತ ಮ್ಯಾಲೆ ಹೋತು.

ಇನ್ನ ಗುಡ್ಡದ ಕೆಲಸ ಇಲ್ಲ. ದಿನಕ್ಕ ಎರಡು ಸಲ ಉಮಾಗ ಫೋನ್ ಮಾಡಿದ್ರ ಸಾಕು.

೩೦ ಮಾರ್ಚ್, ಆದಿತವಾರ. ಯುಗಾದಿ

ಎಲ್ಲಾರೂ ಸಿಂಧನೂರಾಗ ಕೂಡಿದ್ವಿ. ಬಸವಲಿಂಗ ಒಂದೇ ಹೋಳಿಗಿ ತಿಂದು ಕೈ ತೊಳದ. "ಅಯ್ಯ, ಎಷ್ಟು ನೇಮಸ್ಥ!" ಅಂದ್ರು ಎಲ್ಲಾರೂ. ನನಗ ಧಗ್ ಅಂತ ಹತ್ತಿತು. ಹತ್ತಿದ್ದು ವ್ಯರ್ಥ ಆಗಬಾರದು ಅಂತ ನಾಕು ಹೋಳಿಗಿ ತುಪ್ಪದಾಗ ಮುಳುಗಿಸಿ ತಿಂದೆ. ಅವ ಎದುರಿಗೆ ಕುಂತಿದ್ನಲ್ಲ, ತಿಂದಂಗ ತಿಂದಂಗ ಸುಡಾಕತ್ತಿತ್ತು.

ವಿಜಯಶ್ರೀ ಬಾಜೂಕ ಬಂದು ಕುಂತು ಕೇಳಿದ್ಲು: "ಮಾವ, ಖರೇನ ನೀ ಎತ್ತತೀಯಾ ನನ್ನ?"

"ಯಾಕವಾ, ಅನುಮಾನ ಏನು?"

"ಅನುಮಾನ ಇಲ್ಲ, ಅಂಜಿಕಿ. ನಾ ಬಿದ್ರೂ ನಡೀತೈತಿ. ನೀ ಬೀಳಬ್ಯಾಡ."

ಎಲ್ಲಾರೂ ನಕ್ರು. ಬಸವಲಿಂಗ ಎಲ್ಲಾರಗಿಂತ ಮೊದಲು ನಕ್ಕ. ನೂರಾ ಮೂವತ್ತು.

೨ ಏಪ್ರಿಲ್, ಬುಧವಾರ

ಅಂಗಡಿ ತೂಕದ ಯಂತ್ರದ ಮ್ಯಾಲೆ ನಿಂತೆ. ನಾಕು ಕಿಲೋ ಹೆಚ್ಚಾಗೀನಿ.

ಇಳಿದು, ಯಂತ್ರ ಒರೆಸಿ, ಚಪ್ಪಲಿ ಬಿಟ್ಟು, ಕಿಸೆದಾಗಿನ ಕೀಲಿ ತಗದಿಟ್ಟು ಮತ್ತ ನಿಂತೆ. ನಾಕೇ.

ಅಮ್ಜದ್ ಅಂಗಡಿಗೆ ಹೋಗಿ ಗದ್ದಲ ಹಾಕಿದೆ. "ದಿನಾ ಸಾವಿರಗಟ್ಟಲೆ ಸುಡಾಕತ್ತೀನಿ, ಬೂದಿನಾದ್ರೂ ಕಾಣಬೇಕಲ್ಲೋ!" ಅವ ಗಡಿಯಾರದ ಲೆಕ್ಕ ತಗದು ನೋಡಿ ಕೇಳಿದ: "ಚಾಚಾ, ದಿನಾ ಹನ್ನೊಂದು ಗಂಟೆಕ್ಕ ಏನು ಕಸರತ್ತು ಮಾಡ್ತೀರಿ? ಎದಿ ಜೋರು ಐತಿ, ಹೆಜ್ಜಿ ಸೊನ್ನಿ ಅದಾವ."

"ತಂಗಿ ಜೋಡಿ ಫೋನಿನ್ಯಾಗ ಮಾತಾಡ್ತೀನಿ."

ಅವ ಗಡಿಯಾರ ಮೆಲ್ಲಕ ನನ್ನ ಕೈಗೆ ಕೊಟ್ಟ.

ಮನ್ಯಾಗ ಅಮರಮ್ಮಗ ಹೇಳಿದ್ರ ಅಕಿ ಹಿಟ್ಟಿನ ಕೈಲೇ ಹಣಿ ಬಡಕೊಂಡ್ಲು. "ಹೊಟ್ಟಿಕಿಚ್ಚಿಗೆ ಹೊಟ್ಟಿ ಕರಗೋದಿದ್ರ ನೀವು ಈಸೊತ್ತಿಗೆ ಜ್ವಾಳದ ದಂಟು ಆಗಿರ್ತಿದ್ರಿ. ಕಿಚ್ಚು ಅಂತ ಹೆಸರು ಇಟ್ಟಾರ ಅಂತ ಅದರ ಮ್ಯಾಲೆ ಅಡಗಿ ಮಾಡಾಕ ಬರ್ತದೇನ್ರಿ? ಹೆಸರಾಗೇ ಜಂಬ ಇಟ್ಕೊಂಡು ಹುಟ್ಟ್ಯಾರ, ನನ್ನ ದೈವ!"

ಹೊಟ್ಟಿಕಿಚ್ಚು ಅಂತ. ನನಗ. ಅದೂ ನಾನು ಎತ್ತಿ ಆಡಿಸಿದ ಹುಡುಗನ ಮ್ಯಾಲೆ.

ತಿಂದದ್ದು: ಏನಿಲ್ಲ. ಸಿಟ್ಟಿಗೆ. (ಎಂಟು ಗಂಟೆಕ್ಕ ಎರಡು ರೊಟ್ಟಿ, ಹೆಸರುಕಾಳು ಪಲ್ಯ.)

೬ ಏಪ್ರಿಲ್, ಆದಿತವಾರ

ಅಮರಮ್ಮನೇ ಫೋನ್ ಮಾಡಿರಬೇಕು. ಬಸವಲಿಂಗ ನಸುಕಿನ್ಯಾಗ ಬಂದು ಬಾಗಿಲು ಬಡದ. "ಅಣ್ಣಾ, ನಡಿ ಗುಡ್ಡಕ್ಕ. ಗಡಿಯಾರ ಪರೀಕ್ಷೆ ಮಾಡೂನು." ಪರೀಕ್ಷೆ ಅಂದದ್ದಕ್ಕ ಹೋದೆ. ವ್ಯಾಯಾಮ ಅಂದಿದ್ರ ಹೋಗ್ತಿರಲಿಲ್ಲ.

ಒಂದು ಕೈಗೆ ನಂದು, ಇನ್ನೊಂದು ಕೈಗೆ ಅವಂದು ಕಟ್ಟಿದ. ಎದಿಗೆ ಒಂದು ಪಟ್ಟಿ, ಎತ್ತಿನ ಕೊಳ್ಳಿಗೆ ಜತ್ತಗಿ ಬಿಗಿದಂಗ. ಮೊದಲನೇ ತಿರುವಿನ್ಯಾಗ ನಂದು ಇನ್ನೂರಾ ಐವತ್ತು ಕ್ಯಾಲರಿ ಅಂತು, ಅವಂದು ಒಂದೂನೂರಾ ಎಪ್ಪತ್ತು. ಮನಷ್ಯ ಒಬ್ಬನೇ, ಗುಡ್ಡ ಒಂದೇ.

"ಎರಡರಾಗ ಯಾವುದು ಖರೆ?"

"ಎರಡೂ ಅಂದಾಜು, ಅಣ್ಣಾ. ಎದಿ ಬಡಿತ ಪಟ್ಟಿ ಚೊಲೋ ಹಿಡೀತದ, ಗಡಿಯಾರನೂ ಒಂದಿಷ್ಟು ಹಿಡೀತದ. ಕ್ಯಾಲರಿ ಮಾತ್ರ ಅದು ಊಹೆ ಮಾಡಿ ಹೇಳೋದು. ಬಡಿತ ಎಣಸ್ತದ, ಯಾಕ ಬಡೀತು ಅಂತ ಅದಕ್ಕ ಗೊತ್ತಾಗಂಗಿಲ್ಲ. ಓಡಿದ್ರೂ ಬಡೀತದ, ಬಿಸಿಲಿಗೂ ಬಡೀತದ, ಕಡಕ್ ಚಾಕ್ಕೂ, ಸಿಟ್ಟಿಗೂ. ಅದರಾಗ ನೀ ವಯಸ್ಸು ನಲವತ್ತೆರಡು ಕೊಟ್ಟಿ. ನನಗೇ ನಲವತ್ತೈದು. ನಾ ನಿನಗ ಅಣ್ಣ ಆಗೀನಿ."

ಸರಿ ಮಾಡಿ ತುಂಬಿದ. ವಯಸ್ಸು, ತೂಕ, ಎಲ್ಲಾ. ಖರೆ ತೂಕ ಹೇಳುವಾಗ ಸುತ್ತ ಯಾರಾದ್ರೂ ಅದಾರೇನು ಅಂತ ನೋಡಿದೆ. ಒಂದು ಮಂಗ್ಯಾ ಇತ್ತು.

ಆಮ್ಯಾಲೆ ತನ್ನ ಗಡಿಯಾರ ತಿರುಗಿ ಕಟ್ಕೊಂಡ. ಬಂಡಿಗಲ್ಲಿನ ನೆಳ್ಳಿಗೆ ಕುಂತ್ವಿ. ನೀರಿನ ಬಾಟ್ಲಿ ನನಗ ಕೊಟ್ಟ. ಆಮ್ಯಾಲೆ ಅಂದ: "ಅಣ್ಣಾ, ಎತ್ತೋದು ನನಗ ಬಿಟ್ಟುಕೊಡ್ತೀಯಾ?"

"ಯಾಕ ಬಿಡ್ಲಿ?"

"ವಿಜಯಶ್ರೀಗ ಪಿಯುಸಿ ರಿಸಲ್ಟ್ ಬಂದಾಗ ಮೊದಲು ನಿನಗ ಫೋನ್ ಮಾಡಿದ್ಲು. ನೌಕರಿ ಹತ್ತಿದಾಗ ನಿನಗ. ಹುಡುಗ ಒಪ್ಪಿದಾಗ ಅವರಪ್ಪಗಿಂತ ಮೊದಲು ನಿನಗ. ನನಗ ಎಲ್ಲಾನೂ ವಾಟ್ಸಾಪ್ ಸ್ಟೇಟಸ್‌ನ್ಯಾಗ ನೋಡಿ ಗೊತ್ತಾಗೋದು. ಶೂ ಕೊಡಿಸಿದೆ. ಮುಂಜಾನೆ ವಾಕಿಂಗಿಗೆ ಎಬ್ಬಿಸ್ತೀನಿ. ಮಾಸ್ತರಗ ಹೇಳಿದಂಗ 'ಆತ್ರೀ' ಅಂತಾಳ. ನಿನಗ ಬೈತಾಳ ನೋಡು, ಹಂಗ ಒಂದಿನಾನೂ ನನಗ ಬೈದಿಲ್ಲ."

ನನ್ನ ಕಣ್ಣು ಅವನ ಮಣಿಕಟ್ಟಿನ ಮ್ಯಾಲೆ ಬಿತ್ತು. ನೂರಾ ಇಪ್ಪತ್ತು. ಕುಂತಲ್ಲೇ! ಕುಂತು ಸುಡೋ ಶರೀರ ನನಗಷ್ಟೇ ಐತಿ ಅಂದ್ಕೊಂಡಿದ್ದೆ.

ಅಂದ್ರ ಇವನಿಗೆ ನನ್ನ ಮ್ಯಾಲೆ ಹೊಟ್ಟಿಕಿಚ್ಚು. ಗೆದ್ದೆ ನಾ! "ಶರ್ತು ಶರ್ತೇ" ಅಂತ ಹೇಳಿ ಎದ್ದು ಬಂದೆ.

ಕೆಳಗ ಎರಡು ಮಿರ್ಚಿ ಹೇಳಿದೆ. ಒಂದೇ ತಿಂದೆ. ಎಣ್ಣಿ ಹಳೇದಿರಬೇಕು.

೧೪ ಏಪ್ರಿಲ್, ಸೋಮವಾರ

ವಿಜಯಶ್ರೀ ಫೋನ್ ಮಾಡಿದ್ಲು. ಸೀರಿ ಬಣ್ಣ ಯಾವುದು ತಗೊಳ್ಳಿ ಅಂತ. ಹೇಳಿದೆ. ಆಮ್ಯಾಲೆ, "ನಿನ್ನ ಸಣ್ಣ ಮಾವನ್ನೂ ಒಂದು ಮಾತು ಕೇಳು" ಅಂದೆ.

"ಅವ್ರಿಗೇನು ಗೊತ್ತಾಗ್ತೈತಿ ಮಾವ? ಅವ್ರು ಟ್ರ್ಯಾಕ್‌ಸೂಟ್ ತಗೋ ಅಂತಾರ."

"ಅಂದ್ರ ಬೈ. ಆದ್ರ ಕೇಳು."

ಯಾಕ ಹಂಗಂದೆ ಗೊತ್ತಿಲ್ಲ. ಬಿಸಿಲು ಭಾಳ ಐತಿ.

ಈ ವಾರ ಬಸವಲಿಂಗ ಎರಡು ಸಲ ಲಿಂಗಸುಗೂರಿಂದ ಬಂದಿದ್ದ, ಗುಡ್ಡಕ್ಕ. ಇವತ್ತು ಮೂರನೇ ತಿರುವು.

೨೦ ಏಪ್ರಿಲ್, ಆದಿತವಾರ

ಗಡಿಯಾರ ಕೆಟ್ಟೈತಿ.

ಮುಂಜಾನೆ ಬಸವಲಿಂಗ ಬಂದ. ಅಮರಮ್ಮ ಮೈದುನನ್ನ ಹೊಗಳಿದ್ಲು. ಉಮಾನೂ ಫೋನಿನ್ಯಾಗ ಹೊಗಳಿದ್ಲು. ನಾ ಕಣ್ಣು ಇಟ್ಟು ನೋಡಿದೆ, ಎಂಬತ್ತರ ಮ್ಯಾಲೆ ಏರವಲ್ದು. ಗಡಿಯಾರದ ಪಟ್ಟಿ ಬಿಗಿ ಮಾಡಿದೆ. ಎಪ್ಪತ್ತೆಂಟು. "ಬಸ್ಯಾ, ಆ ನೀರಿನ ಡ್ರಮ್ ಎತ್ತಿದ ಕಥಿ ಇನ್ನೊಮ್ಮೆ ಹೇಳು" ಅಂತ ನಾನೇ ಕೇಳಿದೆ. ಹೇಳಿದ. ಚೊಲೋ ಹೇಳಿದ. ಎಪ್ಪತ್ತಾರು.

ಅಮ್ಜದ್‌ಗ ತೋರಿಸಿದೆ. ತನ್ನ ಕೈಗೆ ಕಟ್ಕೊಂಡು ನೋಡಿ, "ಬರೋಬ್ಬರಿ ಐತಿ ಚಾಚಾ" ಅಂದ. ಈಗಿನ ಹುಡುಗರಿಗೆ ರಿಪೇರಿ ಬರಂಗಿಲ್ಲ.

ಗುಡ್ಡದ ಮ್ಯಾಲಿನ ತನಕ ಹೋಗಿದ್ವಿ. ಇದನ್ನ ಅಮರಮ್ಮಗ ಹೇಳಿದ್ರ ನಂಬಲಿಲ್ಲ. ಖರೆ ಹೇಳಿದಾಗ ಯಾರೂ ನಂಬಂಗಿಲ್ಲ.

೨೮ ಏಪ್ರಿಲ್, ಸೋಮವಾರ. ಸಿಂಧನೂರು

ಶರ್ತು ಆತು. ಉಮಾನ ಗಂಡನ ವಳಕಮದಿನ್ನಿ ಊರಿನ ಗದ್ದಿ ಭತ್ತ, ಚೀಲ ತುಂಬಿ ಹೊಲದು ಗೇಟಿಗೆ ಆನಿಸಿದ್ರು. ಯಾರೋ ಅದಕ್ಕ ಅರಿಷಿಣ ಕುಂಕುಮ ಬ್ಯಾರೆ ಹಚ್ಚಿದ್ರು. ವಿಜಯಶ್ರೀ "ನನಗಿಂತ ದಪ್ಪ ಕಾಣ್ತೈತಿ, ಇದು ಮೋಸ" ಅಂತ ಜಗಳ ತಗದ್ಲು.

ಮೊದಲು ನಾ ಎತ್ತಿದೆ. ಅಂಗಳ ದಾಟುವಾಗ ಕಣ್ಣು ಕತ್ತಲಿ ಬಂತು. ಪಡಸಾಲ್ಯಾಗ ಕಾಲು ನಡುಗಿದ್ವು. ಅಡಗಿಮನಿ ಹೊಸ್ತಿಲ ಒಳಗ ಚೀಲ ಇಳಿಸಿ ಅದರ ಮ್ಯಾಲೇ ಕುಂತೆ. ಮಂದಿ ಚಪ್ಪಾಳಿ ಹೊಡದ್ರು. ಉಮಾ ಅಳಾಕತ್ತಿದ್ಲು, ನಗಾಕತ್ತಿದ್ಲು, ಎರಡೂ.

ಆಮ್ಯಾಲೆ ಬಸವಲಿಂಗ. ಬೆಕ್ಕು ಮರಿ ಕಚ್ಚಿಕೊಂಡು ಹೋದಂಗ ಹೊಂಟ. ಪಡಸಾಲ್ಯಾಗ ಬಂದವ, ಅಡಗಿಮನಿ ಎರಡು ಮಾರು ಐತಿ ಅನ್ನಂಗ ಮುಗ್ಗರಿಸಿ ಬಿದ್ದ. ಚೀಲ ಒಂದು ಕಡಿ, ಇವ ಒಂದು ಕಡಿ. "ಆಗಲಿಲ್ಲ ಅಣ್ಣಾ, ಆಗಲಿಲ್ಲ" ಅಂತ ಬಾಯಿ ತಗದು ತೇಕಾಕತ್ತಿದ್ದ.

ನಾನೇ ಕೈ ಹಿಡಿದು ಎಬ್ಬಿಸಿದೆ. ಅವನ ಗಡಿಯಾರ ನನ್ನ ಕಣ್ಣಿಗೆ ನೇರ ಇತ್ತು. ಎಂಬತ್ತೆಂಟು. ಕುಸ್ತಿ ನೋಡಿ ಬೆಳದವ ನಾ. ಬಿದ್ದವ ಯಾರು, ಬಿದ್ದಂಗ ಮಾಡಿದವ ಯಾರು, ನನಗ ಕಲಸಬೇಕಾಗಿಲ್ಲ.

"ಅಣ್ಣನೇ ಎತ್ತಲಿ" ಅಂತ ಉಮಾ ಸಾರಿದ್ಲು. ಬಸವಲಿಂಗ ಎಲ್ಲಾರಕಿಂತ ಜೋರು ಚಪ್ಪಾಳಿ ಹೊಡದ.

ಗಡಿಯಾರ ಖೊಟ್ಟಿ ಇರಬೇಕು. ಎಲ್ಲಾ ಅಂದಾಜು ಅಂತ ಅವನೇ ಹೇಳಿದ್ದ.

ನಾ ಗೆದ್ದೀನಿ. ಮತ್ತೇನು ಬರೀಲಿ.

೧ ಮೇ, ಗುರುವಾರ

ಮದುವಿ ಚೊಲೋ ಆತು. ಅನ್ನ ಸಾರಿಗೆ ಉಪ್ಪು ಒಂದೀಟು ಕಮ್ಮಿ.

ನಿನ್ನೆ ಮುಹೂರ್ತಕ್ಕ ವಿಜಯಶ್ರೀ ಹೊಸ್ತಿಲದಾಗ ಬಂದು ನಿಂತ್ಲು. ನಾ ಹೇಳಿದ ಬಣ್ಣದ ಸೀರಿ. ಬಾಜಾದವರು ಜೋರು ಹಿಡದ್ರು. ಮಂದಿ ಎಲ್ಲಾ ನನ್ನ ಕಡಿ ನೋಡಾಕತ್ತಿದ್ರು. ಬಸವಲಿಂಗ ಹಿಂದ, ಹಾಲಿನ ಕ್ಯಾನಿನ ಹತ್ರ ನಿಂತು, ನೋಡಲಾರದಂಗ ನೋಡಾಕತ್ತಿದ್ದ.

ನಾ ಬಗ್ಗಿದೆ. ಬಗ್ಗಿ, ಸೊಂಟ ಹಿಡ್ಕೊಂಡು, "ಅಯ್ಯಯ್ಯೋ!" ಅಂದೆ.

"ಏನಾತೋ ಅಣ್ಣಾ?" ಅಂತ ಉಮಾ ಓಡಿ ಬಂದ್ಲು.

"ಸೊಂಟ ಹಿಡೀತವಾ! ಮುಹೂರ್ತ ಮೀರ್ತದ. ಬಸ್ಯಾ! ಲೇ ಬಸ್ಯಾ! ಅಲ್ಲಿ ಹಾಲು ಕಾಯಾಕ ನಿಂತೀಯೇನು? ಬಾ ಇಲ್ಲಿ, ಎತ್ತು!"

ಅವ ನನ್ನ ಮಾರಿ ನೋಡಿದ. ಅವನಿಗೂ ಬಿದ್ದಂಗ ಮಾಡೋದು ಗೊತ್ತೈತಿ. ಆದ್ರ ಹೇಳಾಕ ಬರಂಗಿಲ್ಲ, ಹೇಳಿದ್ರ ಮೊನ್ನಿಂದೂ ಹೊರಗ ಬರ್ತೈತಿ. ಕಣ್ಣು ಒರೆಸ್ಕೊಂಡು ಬಂದು ಎತ್ತಿದ. ಹೂವಿನ ಬುಟ್ಟಿ ಎತ್ತಿದಂಗ ಎತ್ತಿದ. ನನ್ನ ತಮ್ಮ ಅಂತ ಹೇಳಬಾರದು, ಇಡೀ ಜಿಲ್ಲಾದಾಗ ಹಂಗ ಎತ್ತೋರು ಇಲ್ಲ. ಬೀಗರಿಗೆಲ್ಲಾ ಹೇಳಿದೆ, ಇವನಿಗೆ ಸಣ್ಣಾವಿದ್ದಾಗ ತಾಲೀಮು ಕೊಟ್ಟವ ನಾನೇ ಅಂತ. ಫೋಟೋದವ ಅವನ ಸುತ್ತ ತಿರುಗುವಾಗ ಒಂದೀಟು ಹೊಟ್ಟಿ ಉರೀತು. ಸುಳ್ಳು ಯಾಕ ಬರೀಲಿ.

ನಾ ಹಿಂದ ಸರದು ನಿಂತಿದ್ದೆ. ಆದ್ರ ನನ್ನ ದಾಟಿ ಹೋಗುವಾಗ ವಿಜಯಶ್ರೀ ಅವನ ಕೈಯಾಗಿಂದಾನೇ ಕೈ ಚಾಚಿ ನನ್ನ ಹೆಗಲ ಮ್ಯಾಲಿನ ಟವೆಲ್ ಹಿಡದ್ಲು. ಬಿಡಲೇ ಇಲ್ಲ. "ಬಾ ನೀನೂ" ಅಂದ್ಲು, ಹಲ್ಲು ಕಚ್ಚಿ, ಬೈದಂಗ. ಆಮ್ಯಾಲೆ ಬಸವಲಿಂಗಗೂ ಬೈದ್ಲು: "ಮೆಲ್ಲಕ ನಡಿ ಮಾವ, ಇದೇನು ನಿನ್ನ ಸಾಲಿ ಮೈದಾನ ಅಲ್ಲ!" ಅವ ಬೈಸ್ಕೊಂಡು ಹಲ್ಲು ತಗದ. ಬೈದದ್ದಕ್ಕ ಇನ್ನಾ ಜೋರು ಹೊಂಟ. ನಾ ಟವೆಲ್ ಜೋಡಿ ಓಡಿದೆ. ಕಟ್ಟಿ ಮುಟ್ಟೋತನಕ ಮೂರೂ ಮಂದಿ ಒಂದೇ ಫೋಟೋದಾಗ.

ಊಟಕ್ಕ ಕುಂತಾಗ ಉಮಾ ಬಾಳಿ ಎಲಿ ಮುಂದ ಬಂದು ನಿಂತ್ಲು. "ಏನಣ್ಣಾ, ಸೊಂಟ ಹಿಡದವ ಅಷ್ಟು ದೂರ ಹಂಗ ಓಡ್ತಾನೇನು?"

"ಸೊಂಟ ಬಿಟ್ಟಿತ್ತವಾ," ಅಂದೆ. "ನಿನ್ನ ಮಗಳು ಬಿಡಲಿಲ್ಲ."